ಔಷಧಿ ಸಸ್ಯಗಳ ಅಂಗಾಂಶ ಕೃಷಿಯಲ್ಲಿ ಹಾರ್ಮೋನುಗಳ ಉಪಯೋಗ

ಅಂಗಾಂಶ ಕೃಷಿಯೆಂಬ ಮಾತು ನಮ್ಮ ನಾಡಿನ ಬೆಳೆಗಾರರಿಗೆ ಹೊಸದಲ್ಲ. ಗಾಜಿನ ಸೀಸೆಯಲ್ಲಿ ಹುಟ್ಟಿದ ಬಾಳೆಯ ಸಸಿಗಳನ್ನು ತಂದು ನೆಟ್ಟು, ಒಂದೇ ಸಮನಾದ ಗೊನೆಗಳನ್ನು ಪಡೆದವರು ಅನೇಕ ತಾಲ್ಲೂಕುಗಳಲ್ಲಿದ್ದಾರೆ. ಆದರೆ ಇದೇ ವಿದ್ಯೆಗೆ ಮತ್ತೊಂದು ಉಪಯೋಗವುಂಟು. ಸಸಿಯನ್ನು ಪಡೆಯುವುದಕ್ಕಾಗಿಯಲ್ಲದೆ, ಸಸ್ಯದ ಜೀವಕೋಶಗಳನ್ನಾಗಲಿ ಬೇರುಗಳನ್ನಾಗಲಿ ಪಾತ್ರೆಯಲ್ಲಿಯೇ ಬೆಳೆಸಿ, ಅವುಗಳಿಂದ ನೇರವಾಗಿ ಔಷಧ ಸತ್ವವನ್ನು ತೆಗೆಯುವುದೇ ಆ ಉಪಯೋಗ. ಹೀಗೆ ಬೆಳೆಸಿದ ಅಂಗಾಂಶದಲ್ಲಿ ಸತ್ವವನ್ನು ಹೆಚ್ಚಿಸುವುದಕ್ಕೆ ಈಗ ಮುಖ್ಯ ಸಾಧನವಾಗಿರತಕ್ಕವು ಸಸ್ಯ ಹಾರ್ಮೋನುಗಳು.

ಈ ವಿಷಯವಾಗಿ ಮೂಲಿಕೆ ಬೆಳೆಯುವವರಲ್ಲಿಯೂ ಮಾರುವವರಲ್ಲಿಯೂ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಕಾರ್ಖಾನೆಯ ಕೊಪ್ಪರಿಗೆಯಲ್ಲಿ ಬೇರು ಬೆಳೆಯುವ ಕಾಲ ಬಂದಮೇಲೆ ಹೊಲದಲ್ಲಿ ಬೇರು ಬೆಳೆಯುವವನಿಗೆ ಉಳಿಗಾಲವಿಲ್ಲವೆಂಬುದು ಒಂದು. ಪಾತ್ರೆಯಲ್ಲಿ ಸತ್ವವನ್ನು ಹಲವು ಮಡಿ ಹೆಚ್ಚಿಸುವ ಹಾರ್ಮೋನನ್ನು ಹೊಲದಲ್ಲಿಯೂ ಸಿಂಪಡಿಸಿದರೆ ಅದೇ ಫಲ ದೊರೆಯಬೇಕಲ್ಲವೆ ಎಂಬುದು ಇನ್ನೊಂದು. ಈ ಎರಡು ಮಾತುಗಳೂ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕಿತ್ತರೆ ಅಥವಾ ಕಡಿದರೆ ಬೇಗನೆ ಮತ್ತೆ ಬಾರದ ಕಾಡಿನ ಮೂಲಿಕೆಗಳನ್ನು ಉಳಿಸುವುದಕ್ಕೆ ಈ ವಿದ್ಯೆ ತಕ್ಕದ್ದು. ಅದಕ್ಕಾಗಿಯೇ ಅದನ್ನು ಬಳಸತಕ್ಕದ್ದು. ಹೊಲದಲ್ಲಿ ಸುಲಭವಾಗಿ ಬೆಳೆಯುವ ಮೂಲಿಕೆಯನ್ನು ರೈತನ ಕೈಯಿಂದ ಕಸಿಯುವ ಶಕ್ತಿ ಅದಕ್ಕಿಲ್ಲ. ಹೊಲಕ್ಕೆ ತರುವ ಯೋಗ್ಯತೆಯೂ ಇಲ್ಲ. ಇದರ ಕಾರಣಗಳನ್ನು ಕ್ರಮವಾಗಿ ವಿವರಿಸುತ್ತೇನೆ.

ಸಸ್ಯವು ಔಷಧ ಸತ್ವವನ್ನು ಮನುಷ್ಯನ ರೋಗಕ್ಕಾಗಿ ಮಾಡಿಕೊಂಡದ್ದಲ್ಲವೆಂಬುದನ್ನು ಮೊದಲು ನೆನಪಿನಲ್ಲಿಡಬೇಕು. ಹುಳುವಿನ ಬಾಯಿ, ಬೂಷ್ಟಿನ ಸೋಂಕು, ಮೇಯುವ ಪ್ರಾಣಿ, ಉರಿಯುವ ಬಿಸಿಲು ಇವುಗಳಿಂದ ತನ್ನನ್ನು ಕಾಪಾಡಿಕೊಳ್ಳುವುದಕ್ಕಾಗಿ ಅದು ಇಂಥ ಕಹಿ, ಘಾಟು ಮತ್ತು ವಿಷಗಳನ್ನು ಕೂಡಿಡುತ್ತದೆ. ಇವುಗಳನ್ನು ಮಾಡುವುದಕ್ಕೆ ಆಹಾರ ಖರ್ಚಾಗುತ್ತದೆ. ಆದಕಾರಣ ಸಸ್ಯವು ಅವುಗಳನ್ನು ಬೇಕಾದ ಅಂಗದಲ್ಲಿ, ಬೇಕಾದ ವಯಸ್ಸಿನಲ್ಲಿ, ಬೇಕಾದಷ್ಟು ಮಾತ್ರ ಮಾಡುತ್ತದೆ. ಸಕ್ಕರೆ, ಲವಣ, ಜೀವಸತ್ವಗಳು ತುಂಬಿದ ದ್ರವದಲ್ಲಿ, ಶತ್ರುವೇ ಇಲ್ಲದ ಶುದ್ಧ ಪಾತ್ರೆಯಲ್ಲಿ ಬೆಳೆಯುವ ಕೋಶಕ್ಕೆ ಆತ್ಮರಕ್ಷಣೆಯ ಚಿಂತೆ ಏಕೆ? ಅದು ವೇಗವಾಗಿ ಒಡೆದು ಒಡೆದು ಹೆಚ್ಚುತ್ತದೆ. ಸತ್ವವನ್ನು ಮಾತ್ರ ಅತ್ಯಲ್ಪವಾಗಿ ಮಾಡುತ್ತದೆ, ಇಲ್ಲವೆ ಮಾಡುವುದೇ ಇಲ್ಲ. ಬಹುಕಾಲ ಈ ವಿದ್ಯೆಯು ಪ್ರಯೋಗಶಾಲೆಯನ್ನು ಬಿಟ್ಟು ಹೊರಬಾರದಿದ್ದುದಕ್ಕೆ ಇದೇ ಮುಖ್ಯ ಕಾರಣ.

ಸಸ್ಯದ ಬಿಡಿ ಕೋಶಗಳನ್ನು ಪಾತ್ರೆಯಲ್ಲಿ ಬದುಕಿಸಬಹುದೆಂಬ ವಿಚಾರವನ್ನು ೧೯೦೨ರಲ್ಲಿ ಹಾಬರ್ಲಾಂಟ್ ಎಂಬ ಪಂಡಿತನು ಮುಂದಿಟ್ಟನು. ಅವನ ಕೋಶಗಳು ಕೆಲವು ಕಾಲ ಬದುಕಿದವಾದರೂ ಒಡೆದು ವೃದ್ಧಿಯಾಗಲಿಲ್ಲ. ಏಕೆಂದರೆ ವೃದ್ಧಿಗೆ ಬೇಕಾದ ಹಾರ್ಮೋನುಗಳ ಪರಿಚಯ ಆಗ ಯಾರಿಗೂ ಇರಲಿಲ್ಲ. ೧೯೨೮ರಲ್ಲಿ ಹಾಲೆಂಡಿನ ವೆಂಟ್ ಎಂಬವನು ಮೊಳಕೆಯ ತುದಿಯಿಂದ ಇಳಿದುಬರುವ ಬೆಳವಣಿಗೆಯ ದ್ರವ್ಯದ ಇರವನ್ನು ಪ್ರಯೋಗದಿಂದ ತೋರಿಸಿದನು, ಅದೇ ಆಕ್ಸಿನ್. ೧೯೪೧ರಲ್ಲಿ ವಾನ್ ಓವರ್‌ಬೀಕ್ ಮೊದಲಾದವರು ಉಮ್ಮತ್ತಿಯ ಎಳೆಯ ಭ್ರೂಣಗಳನ್ನು ಬೆಳೆಸುವುದಕ್ಕೆ ಎಳನೀರನ್ನು ಬಳಸಿ ಜಯ ಪಡೆದರು. ೧೯೫೫ರಲ್ಲಿ ಕೈನೆಟಿನ್ ದೊರೆಯಿತು. ಎಳನೀರಿನಲ್ಲಿಯೂ ಇದೇ ಬಗೆಯ ದ್ರವ್ಯಗಳಿರುವುದು ಮುಂದೆ ತಿಳಿದುಬಂದಿತು. ಇವುಗಳ ಪಂಗಡಕ್ಕೆ ಸೈಟೋಕೈನಿನ್‌ಗಳೆಂದು ಹೆಸರು. ೧೯೫೭ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಇವರು ಹೊಗೆಸೊಪ್ಪಿನ ಅಂಗಾಂಶದಲ್ಲಿ ಪರೀಕ್ಷೆ ನಡೆಸಿ, ಆಕ್ಸಿನ್ ಹೆಚ್ಚಾಗಿದ್ದರೆ ಬೇರೂ, ಸೈಟೋಕೈನಿನ್ ಹೆಚ್ಚಾಗಿದ್ದರೆ ಚಿಗುರೂ, ಎರಡೂ ಸಮತೂಕದಲ್ಲಿದ್ದರೆ ಆಕಾರವಿಲ್ಲದ ಕೋಶಗಳ ಗಂಟೂ ಬೆಳೆಯುವುದನ್ನು ಸ್ಥಾಪಿಸಿದರು. ಇಂದು ಬಾಳೆಯ ಸಸಿ ಮಾಡುವ ಪ್ರಯೋಗಶಾಲೆಗಳೆಲ್ಲ ಈ ನಿಯಮವನ್ನೇ ಅನುಸರಿಸುತ್ತಿವೆ.

ಆದರೆ ಬೆಳವಣಿಗೆಯ ಹಾರ್ಮೋನು ಬೇರೆ, ಸತ್ವದ ಹಾರ್ಮೋನು ಬೇರೆ. ಇದು ಚೆನ್ನಾಗಿ ಮನಸ್ಸಿಗೆ ಬರಬೇಕಾದರೆ ಜಪಾನಿನ ಒಂದು ಉದಾಹರಣೆಯನ್ನು ನೋಡಬೇಕು. ಅಲ್ಲಿ ಲಿಥೊಸ್ಪರ್ಮಮ್ ಎಂಬ ಮೂಲಿಕೆಯ ಬೇರಿನಿಂದ ಶಿಕೋನಿನ್ ಎಂಬ ಕೆಂಪು ಸತ್ವವನ್ನು ತೆಗೆಯುತ್ತಾರೆ. ಗಾಯಕ್ಕೂ ಬಣ್ಣಕ್ಕೂ ಅದು ಉಪಯುಕ್ತ. ಇದರ ಕೋಶಗಳನ್ನು ಪಾತ್ರೆಯಲ್ಲಿ ಬೆಳೆಸಿದಾಗ, ೨,೪-ಡಿ ಎಂಬ ಆಕ್ಸಿನನ್ನು ಹಾಕಿದರೆ ಕೋಶಗಳು ಬೆಳೆಯುತ್ತಿದ್ದವಾದರೂ ಬಣ್ಣವೇ ಕಟ್ಟುತ್ತಿರಲಿಲ್ಲ. ಆ ಆಕ್ಸಿನನ್ನು ತೆಗೆದು ಇಂಡೋಲ್ ಅಸಿಟಿಕ್ ಆಮ್ಲವನ್ನು ಹಾಕಿ ಕತ್ತಲೆಯಲ್ಲಿಟ್ಟರೆ ಬಣ್ಣ ಬರುತ್ತಿತ್ತು. ನಮ್ಮ ರೈತರು ಗದ್ದೆಯ ಕಳೆ ಕೊಲ್ಲುವುದಕ್ಕೆ ಬಳಸುವ ೨,೪-ಡಿ ಇದೇ ದ್ರವ್ಯವೆಂಬುದನ್ನು ಇಲ್ಲಿ ಗಮನಿಸಬೇಕು. ಲೀಟರಿಗೆ ಒಂದೆರಡು ಮಿಲಿಗ್ರಾಮಿನಷ್ಟಿದ್ದರೆ ಕೋಶವನ್ನು ಬೆಳೆಸುವ ದ್ರವ್ಯವೇ ಪ್ರಮಾಣ ಹೆಚ್ಚಿದಾಗ ಗಿಡವನ್ನು ಕೊಲ್ಲುತ್ತದೆ. ಹಾರ್ಮೋನಿನ ವಿಷಯದಲ್ಲಿ ಪ್ರಮಾಣವೇ ಸರ್ವಸ್ವವೆನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಕಡೆಗೆ ಜಪಾನಿನವರು ಕೆಲಸವನ್ನು ಎರಡು ಹಂತಗಳಾಗಿ ವಿಂಗಡಿಸಿ, ಮೊದಲನೆಯ ಪಾತ್ರೆಯಲ್ಲಿ ಕೋಶಗಳನ್ನು ಬೆಳೆಸಿ, ಎರಡನೆಯ ಪಾತ್ರೆಯಲ್ಲಿ ಬೇರೆ ದ್ರವವನ್ನು ಕೊಟ್ಟು ಸತ್ವವನ್ನು ಕಟ್ಟಿಸಿದರು. ೧೯೮೩ರಲ್ಲಿ ಮಿತ್ಸುಯಿ ಸಂಸ್ಥೆಯು ಈ ಕ್ರಮದಿಂದ ಶಿಕೋನಿನನ್ನು ವ್ಯಾಪಾರಕ್ಕೆ ತಯಾರಿಸಿತು. ಸಸ್ಯಕೋಶಗಳ ಕೃಷಿಯಿಂದ ಇಂಥ ಸತ್ವವೊಂದು ಪೇಟೆಗೆ ಬಂದುದು ಅದೇ ಮೊದಲು.

ಸತ್ವವನ್ನು ಹೆಚ್ಚಿಸುವ ಹಾರ್ಮೋನುಗಳಲ್ಲಿ ಮುಖ್ಯವಾದದ್ದು ಜಾಸ್ಮೋನೇಟ್. ಹೆಸರೇ ಸೂಚಿಸುವಂತೆ ಇದಕ್ಕೂ ಮಲ್ಲಿಗೆಗೂ ಸಂಬಂಧವುಂಟು. ನಾವು ಜಾಜಿಯೆಂದು ಮುಡಿಯುವ ಹೂವಿನ ತೈಲದಿಂದ ಮಿಥೈಲ್ ಜಾಸ್ಮೋನೇಟ್ ಎಂಬ ಪರಿಮಳ ದ್ರವ್ಯವನ್ನು ೧೯೬೨ರಲ್ಲಿ ಬೇರ್ಪಡಿಸಿದರು. ಆಗ ಅದು ಸುಗಂಧದವರ ಸೊತ್ತಾಗಿತ್ತು. ೧೯೯೦ರಲ್ಲಿ ಫಾರ್ಮರ್ ಮತ್ತು ರಯಾನ್ ಎಂಬ ಅಮೆರಿಕದ ವಿಜ್ಞಾನಿಗಳು, ಒಂದು ಗಿಡದಿಂದ ಹೊರಟ ಈ ಪರಿಮಳವು ಗಾಳಿಯಲ್ಲಿ ಸಾಗಿ ನೆರೆಯ ಟೊಮ್ಯಾಟೊ ಗಿಡವನ್ನು ತಾಕಿದಾಗ, ಆ ಗಿಡವು ಹುಳುವಿನ ಜೀರ್ಣಶಕ್ತಿಯನ್ನು ಕೆಡಿಸುವ ದ್ರವ್ಯಗಳನ್ನು ತನ್ನ ಎಲೆಗಳಲ್ಲಿ ಮಾಡಿಕೊಳ್ಳುವುದನ್ನು ತೋರಿಸಿದರು. ಹುಳು ಕಡಿದಾಗ ಗಿಡದೊಳಗೆ ಹುಟ್ಟುವ ಎಚ್ಚರಿಕೆಯ ಕೂಗೇ ಈ ಜಾಸ್ಮೋನೇಟ್ ಎಂದು ಸ್ಪಷ್ಟವಾಯಿತು. ೧೯೯೨ರಲ್ಲಿ ಜರ್ಮನಿಯ ಝೆಂಕ್ ಮತ್ತು ಅವರ ಸಂಗಡಿಗರು ೩೬ ಜಾತಿಯ ಸಸ್ಯಗಳ ಕೋಶಗಳಿಗೆ ಮಿಥೈಲ್ ಜಾಸ್ಮೋನೇಟನ್ನು ಕೊಟ್ಟು ನೋಡಲಾಗಿ, ಸತ್ವಗಳು ೯ರಿಂದ ೩೦ ಮಡಿಯವರೆಗೆ ಹೆಚ್ಚಿದವು.

ಈ ಕೂಗು ಕೆಲಸ ಮಾಡುವ ರೀತಿಯೂ ಈಗ ತಿಳಿದಿದೆ. ಸತ್ವಗಳನ್ನು ಮಾಡುವ ಜೀನ್‌ಗಳ ಮೇಲೆ ಸಾಮಾನ್ಯ ಕಾಲದಲ್ಲಿ ಕೆಲವು ಪ್ರೋಟೀನುಗಳು ಕುಳಿತು ಅವುಗಳನ್ನು ತಡೆದಿರುತ್ತವೆ. ಜಾಸ್ಮೋನೇಟ್ ಬಂದೊಡನೆ ಈ ತಡೆಯ ಪ್ರೋಟೀನುಗಳು ಒಡೆದು ನಾಶವಾಗುತ್ತವೆ, ಜೀನ್‌ಗಳು ಎಚ್ಚರಗೊಳ್ಳುತ್ತವೆ. ಈ ಸಂಗತಿಯು ೨೦೦೭ರಲ್ಲಿ ಬೆಳಕಿಗೆ ಬಂದಿತು. ಇದರಿಂದ ನಾವು ಗ್ರಹಿಸಬೇಕಾದುದೇನೆಂದರೆ, ಹಾರ್ಮೋನು ಸತ್ವವನ್ನು ಸೃಷ್ಟಿಸುವುದಿಲ್ಲ. ಸಸ್ಯಕ್ಕೆ ಮೊದಲೇ ಇರುವ ಸಾಮರ್ಥ್ಯದ ತಡೆಯನ್ನು ಮಾತ್ರ ತೆಗೆಯುತ್ತದೆ. ಯಾವ ಅಂಗಾಂಶಕ್ಕೆ ಆ ಸಾಮರ್ಥ್ಯವೇ ಇಲ್ಲವೋ ಅಲ್ಲಿ ಎಷ್ಟು ಹಾರ್ಮೋನು ಸುರಿದರೂ ಫಲವಿಲ್ಲ. ಸ್ಯಾಲಿಸಿಲಿಕ್ ಆಮ್ಲವೆಂಬ ಮತ್ತೊಂದು ಎಚ್ಚರಿಕೆಯ ದ್ರವ್ಯಕ್ಕೂ ಈ ಮಾತು ಅನ್ವಯಿಸುತ್ತದೆ.

ಈ ವಿದ್ಯೆಯ ನಿಜವಾದ ಬೆಲೆ ತಿಳಿಯುವುದು ಯೂ ಮರದ ಕಥೆಯಿಂದ. ಅಮೆರಿಕದ ಪಶ್ಚಿಮ ತೀರದ ಕಾಡುಗಳಲ್ಲಿ ಬೆಳೆಯುವ ಈ ಮರದ ತೊಗಟೆಯನ್ನು ೧೯೬೨ರಲ್ಲಿ ಪರೀಕ್ಷೆಗೆ ಸಂಗ್ರಹಿಸಿದರು. ವಾಲ್ ಮತ್ತು ವಾನಿ ಎಂಬ ರಸಾಯನಜ್ಞರು ಅದರಿಂದ ಟ್ಯಾಕ್ಸಾಲ್ ಎಂಬ ಸತ್ವವನ್ನು ಬೇರ್ಪಡಿಸಿ ೧೯೭೧ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಇವರಲ್ಲಿ ವಾನಿಯವರು ನಮ್ಮ ದೇಶದಲ್ಲಿ ಹುಟ್ಟಿ ಬೆಳೆದವರು. ೧೯೯೨ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಈ ಔಷಧವು ಅಮೆರಿಕದ ಸರ್ಕಾರದ ಮಂಜೂರಾತಿಯನ್ನು ಪಡೆಯಿತು. ಆದರೆ ಒಂದು ಕಿಲೋಗ್ರಾಂ ಒಣ ತೊಗಟೆಯಲ್ಲಿರುವುದು ಸುಮಾರು ೧೦೦ ಮಿಲಿಗ್ರಾಂ ಸತ್ವ. ಮರವು ಅತಿ ನಿಧಾನವಾಗಿ ಬೆಳೆಯತಕ್ಕದ್ದು. ತೊಗಟೆಯನ್ನು ಸುಲಿದರೆ ಸಾಯುತ್ತದೆ. ಒಬ್ಬ ರೋಗಿಯ ಪೂರ್ಣ ಚಿಕಿತ್ಸೆಗೆ ಹಲವು ಹಳೆಯ ಮರಗಳು ಬಲಿಯಾಗಬೇಕಿತ್ತು. ಕಾಡನ್ನು ಉಳಿಸುವುದೋ ರೋಗಿಯನ್ನು ಉಳಿಸುವುದೋ ಎಂಬ ಸಂದಿಗ್ಧ ಅಲ್ಲಿ ಒದಗಿತು. ಮೊದಲು ಯೂರೋಪಿನ ಯೂ ಮರದ ಎಲೆಗಳಿಂದ ಸಮೀಪದ ಒಂದು ದ್ರವ್ಯವನ್ನು ತೆಗೆದು ಅದನ್ನು ರಾಸಾಯನಿಕವಾಗಿ ಟ್ಯಾಕ್ಸಾಲಾಗಿ ಮಾರ್ಪಡಿಸಿದರು. ಎಲೆ ಮತ್ತೆ ಚಿಗುರುತ್ತದಾದ್ದರಿಂದ ಇದು ಒಳ್ಳೆಯ ಹೆಜ್ಜೆ.

ಅನಂತರ ಕೋಶಗಳ ಕೃಷಿ ಬಂದಿತು. ೧೯೯೬ರಲ್ಲಿ ಜಪಾನಿನ ಯುಕಿಮುನೆ ಮತ್ತು ಅವರ ಸಂಗಡಿಗರು ಯೂ ಮರದ ಕೋಶಗಳಿಗೆ ಲೀಟರಿಗೆ ಸುಮಾರು ೨೨ ಮಿಲಿಗ್ರಾಂ ಮಿಥೈಲ್ ಜಾಸ್ಮೋನೇಟನ್ನು ಸೇರಿಸಿ, ಎರಡು ವಾರಗಳಲ್ಲಿ ಲೀಟರಿಗೆ ಸುಮಾರು ೧೧೦ ಮಿಲಿಗ್ರಾಂ ಟ್ಯಾಕ್ಸಾಲನ್ನು ಪಡೆದರು. ಒಂದು ಕಿಲೋಗ್ರಾಂ ತೊಗಟೆಯ ಸತ್ವವು ಒಂದು ಲೀಟರು ದ್ರವದಲ್ಲಿ, ಒಂದು ಮರವನ್ನೂ ಮುಟ್ಟದೆ, ಹದಿನಾಲ್ಕು ದಿನಗಳಲ್ಲಿ ದೊರೆಯಿತೆಂದು ಲೆಕ್ಕ ಹಾಕಬಹುದು. ಮುಂದೆ ಜರ್ಮನಿಯಲ್ಲಿ ೭೫,೦೦೦ ಲೀಟರುಗಳಷ್ಟು ದೊಡ್ಡ ಪಾತ್ರೆಗಳಲ್ಲಿ ಯೂ ಕೋಶಗಳನ್ನು ಬೆಳೆಸುವ ಏರ್ಪಾಟು ನಡೆಯಿತು. ಬ್ರಿಸ್ಟಲ್-ಮಯರ್ಸ್ ಸ್ಕ್ವಿಬ್ ಸಂಸ್ಥೆಯು ಕೋಶಗಳ ಕೃಷಿಯಿಂದ ಟ್ಯಾಕ್ಸಾಲನ್ನು ತಯಾರಿಸುವ ಕ್ರಮವನ್ನು ಹಿಡಿದುದಕ್ಕಾಗಿ ೨೦೦೪ರಲ್ಲಿ ಅಮೆರಿಕದ ಸರ್ಕಾರದಿಂದ ಹಸಿರು ರಸಾಯನದ ಬಹುಮಾನವನ್ನು ಪಡೆಯಿತು.

ಇಷ್ಟನ್ನು ಓದಿದವರು ಎಲ್ಲ ಮೂಲಿಕೆಗಳಿಗೂ ಇದೇ ದಾರಿಯೆಂದು ನಂಬಿಬಿಡಬಾರದು. ಈ ವಿದ್ಯೆಗೆ ಮಿತಿಗಳುಂಟು. ಮೊದಲನೆಯದಾಗಿ, ಎಚ್ಚರಿಕೆಯ ಹಾರ್ಮೋನು ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಕೊರಿಯಾ ದೇಶದಲ್ಲಿ ಜಿನ್‌ಸೆಂಗ್ ಬೇರನ್ನು ಪಾತ್ರೆಗಳಲ್ಲಿ ಬೆಳೆಸುವವರು ಇದನ್ನು ಚೆನ್ನಾಗಿ ಬಲ್ಲರು. ಜಾಸ್ಮೋನೇಟ್ ಹಾಕಿದೊಡನೆ ಬೇರಿನ ಸತ್ವ ಏರುತ್ತದೆ, ಬೇರಿನ ತೂಕ ಇಳಿಯುತ್ತದೆ. ಆದಕಾರಣ ಬೇರು ಸಾಕಷ್ಟು ಬೆಳೆಯುವ ತನಕ ಕಾದು, ಕಡೆಯ ದಿನಗಳಲ್ಲಿ ಮಾತ್ರ ಅದನ್ನು ಕೊಡಬೇಕು. ಎರಡನೆಯದಾಗಿ, ಕೆಲವು ಸತ್ವಗಳು ಅಂಗವಿಲ್ಲದೆ ಹುಟ್ಟಲಾರವು. ನಮ್ಮ ಅಂಗಳದ ನಿತ್ಯಪುಷ್ಪದಿಂದ ರಕ್ತದ ಕ್ಯಾನ್ಸರು ಮೊದಲಾದವುಗಳಿಗೆ ಔಷಧ ದೊರೆಯುತ್ತದೆ. ಅದು ಎರಡು ದ್ರವ್ಯಗಳ ಜೋಡಣೆಯಿಂದಾದುದು. ಅವುಗಳಲ್ಲಿ ಒಂದನ್ನು ಬಿಡಿ ಕೋಶಗಳು ಮಾಡಬಲ್ಲವು. ಇನ್ನೊಂದಕ್ಕೆ ಎಲೆಯಲ್ಲಿರುವ ವಿಶೇಷ ಕೋಶಗಳೇ ಬೇಕು. ಎಷ್ಟೋ ವರ್ಷಗಳ ಪ್ರಯತ್ನವಾದರೂ ಆ ಔಷಧಕ್ಕೆ ಕೋಶಗಳ ಕೃಷಿಯು ಹೊಲದ ಎಲೆಯ ಸ್ಥಾನವನ್ನು ಪಡೆಯಲಿಲ್ಲ. ಮೂರನೆಯದಾಗಿ, ಪಾತ್ರೆಯಿಂದ ಪಾತ್ರೆಗೆ ಬಹುಕಾಲ ಬದಲಾಯಿಸುತ್ತ ಬಂದ ಕೋಶಗಳ ತಳಿಯು ಅನೇಕವೇಳೆ ಸತ್ವವನ್ನು ಕಳೆದುಕೊಳ್ಳುತ್ತದೆ. ಆಗ ಮತ್ತೆ ತಾಯಿ ಗಿಡದ ಬಳಿಗೇ ಹೋಗಬೇಕು.

ಇನ್ನು ನಮ್ಮ ನಾಡಿನ ವಿಷಯ. ಸಹ್ಯಾದ್ರಿಯ ಕಾಡುಗಳಲ್ಲಿ ದುರ್ವಾಸನೆಯ ಮರವೆಂದು ಕರೆಯುವ ನೋಥಪೊಡೈಟಿಸ್ ಎಂಬ ಸಣ್ಣ ಮರವುಂಟು. ಇದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಸತ್ವವಿರುವುದನ್ನು ೧೯೭೨ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಇವರು ಪ್ರಕಟಿಸಿದರು. ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರಿನ ಔಷಧಗಳಿಗೆ ಇದೇ ಮೂಲದ್ರವ್ಯ. ಈ ಕಾರಣದಿಂದ ಈ ಮರವನ್ನು ಕಾಡಿನಿಂದ ಕಡಿದು ಸಾಗಿಸಲಾಗಿದೆ. ಸರ್ಪಗಂಧಿಯ ಕಥೆಯೂ ಇಂಥದೇ. ೧೯೫೨ರಲ್ಲಿ ಅದರ ಬೇರಿನಿಂದ ರಿಸರ್ಪೀನನ್ನು ಬೇರ್ಪಡಿಸಿ, ರಕ್ತದೊತ್ತಡಕ್ಕೆ ಅದನ್ನು ಲೋಕವೆಲ್ಲ ಬಳಸತೊಡಗಿದಮೇಲೆ ಕಾಡಿನ ಬೇರು ಅಗೆತಕ್ಕೆ ಸಿಕ್ಕಿತು. ಈಗ ಅದರ ಅಂತರರಾಷ್ಟ್ರೀಯ ವ್ಯಾಪಾರವು ನಿರ್ಬಂಧಕ್ಕೆ ಒಳಪಟ್ಟಿದೆ. ಯೂ ಮರಕ್ಕೆ ಒದಗಿದ ಸಂದಿಗ್ಧವೇ ಇವುಗಳಿಗೂ ಒದಗಿದೆ. ಅಂಗಾಂಶ ಕೃಷಿಯ ಶ್ರಮ, ಹಣ, ಹಾರ್ಮೋನು ಇವೆಲ್ಲವೂ ಮೊದಲು ಇಂಥ ಸಸ್ಯಗಳಿಗೆ ಸಲ್ಲಬೇಕು. ಬಿಡಿ ಕೋಶಗಳಲ್ಲಿ ಕ್ಯಾಂಪ್ಟೊಥೆಸಿನ್ ಬಹು ಸ್ವಲ್ಪವಾಗಿಯೇ ದೊರೆಯುತ್ತದೆಂಬುದು ನಿಜ. ಆದರೆ ಕೆಲಸ ಕಷ್ಟವೆಂಬುದು ಅದನ್ನು ಬಿಡುವುದಕ್ಕೆ ಕಾರಣವಾಗಲಾರದು. ಯೂ ಮರದಲ್ಲಿಯೂ ಮೊದಲು ದೊರೆತದ್ದು ಸ್ವಲ್ಪವೇ.

ಹಿರೇಮದ್ದು ಎಂದು ಹೆಸರಾದ ಅಶ್ವಗಂಧದ ಸಂಗತಿ ಬೇರೆ. ಇದರ ಬೇರುಗಳನ್ನೂ ಪಾತ್ರೆಯಲ್ಲಿ ಬೆಳೆಸಿ, ಜಾಸ್ಮೋನೇಟ್ ಮತ್ತು ಸ್ಯಾಲಿಸಿಲಿಕ್ ಆಮ್ಲಗಳಿಂದ ವಿಥನೊಲೈಡ್ ಸತ್ವವನ್ನು ಹೆಚ್ಚಿಸಿದ ಪ್ರಯೋಗಗಳು ನಮ್ಮ ದೇಶದಲ್ಲಿಯೇ ನಡೆದಿವೆ. ವಿಜ್ಞಾನದ ದೃಷ್ಟಿಯಿಂದ ಅವು ಬೆಲೆಯುಳ್ಳವು. ಆದರೆ ಅಶ್ವಗಂಧವು ಬೀಜದಿಂದ ಹುಟ್ಟಿ, ಬಡ ನೆಲದಲ್ಲಿ, ಹೆಚ್ಚು ನೀರಿಲ್ಲದೆ, ಐದಾರು ತಿಂಗಳಲ್ಲಿ ಕೊಯ್ಲಿಗೆ ಬರುವ ಬೆಳೆ. ವೈದ್ಯರು ಕೇಳುವುದು ಬೇರನ್ನು, ಸತ್ವವೊಂದನ್ನೇ ಅಲ್ಲ. ವಿದ್ಯುಚ್ಛಕ್ತಿ, ಶುದ್ಧ ನೀರು, ಸಕ್ಕರೆ, ಉಕ್ಕಿನ ಪಾತ್ರೆ, ಪಂಡಿತರ ಸಂಬಳ ಇವುಗಳನ್ನೆಲ್ಲ ಹೊತ್ತ ಕಾರ್ಖಾನೆಯು ಇಂಥ ಬೇರಿನೊಡನೆ ಬೆಲೆಯಲ್ಲಿ ಹೇಗೆ ಸ್ಪರ್ಧಿಸೀತು?

ರೈತರ ಭಯವು ಕೇವಲ ಕಲ್ಪನೆಯೆಂದು ನಾನು ಹೇಳುವುದಿಲ್ಲ. ೧೮೯೭ರಲ್ಲಿ ಜರ್ಮನಿಯ ಕೃತಕ ನೀಲಿಯು ಪೇಟೆಗೆ ಬಂದು ನಮ್ಮ ದೇಶದ ನೀಲಿಯ ಬೆಳೆಯನ್ನು ನೆಲಕ್ಕೆ ಕೆಡಹಿದ್ದು ಚರಿತ್ರೆಯಲ್ಲಿದೆ. ಆದರೆ ಇದಕ್ಕೆ ಎದುರಾದ ಉದಾಹರಣೆಯೂ ಉಂಟು. ಮಲೇರಿಯಾಕ್ಕೆ ಮದ್ದಾದ ಆರ್ಟೆಮಿಸಿನಿನ್ ಎಂಬ ಸತ್ವವನ್ನು ಯೀಸ್ಟಿನ ಸಹಾಯದಿಂದ ಮಾಡುವ ದೊಡ್ಡ ಕಾರ್ಖಾನೆಯನ್ನು ಸನೋಫಿ ಸಂಸ್ಥೆಯು ೨೦೧೩ರಲ್ಲಿ ನಡೆಸತೊಡಗಿತು. ಬೆಳೆಗಾರರು ಗಿಡದಿಂದ ಒದಗಿಸಿದ ಸರಕೇ ಅಗ್ಗವಾಗಿದ್ದುದರಿಂದ ೨೦೧೫ರಲ್ಲಿ ಅಲ್ಲಿ ತಯಾರಿಕೆಯೇ ನಡೆಯಲಿಲ್ಲ. ಬೇಗ ಬೆಳೆಯುವ, ಸತ್ವವುಳ್ಳ, ಅಗ್ಗದ ಗಿಡವಿರುವ ಕಡೆ ಹೊಲವೇ ಗೆಲ್ಲುತ್ತದೆ. ಗಿಡ ನಿಧಾನವಾದದ್ದು, ಸತ್ವ ಅಲ್ಪವಾದದ್ದು, ಕೊಯ್ಲು ಎಂದರೆ ಸಾವು ಎಂಬಂತಿರುವ ಕಡೆ ಪಾತ್ರೆಯು ಗೆಲ್ಲುತ್ತದೆ. ಯಾವ ಮೂಲಿಕೆಯನ್ನು ಬೆಳೆಯಬೇಕೆಂದು ಯೋಚಿಸುವ ರೈತನು ಈ ಅಳತೆಯನ್ನು ಕೈಯಲ್ಲಿ ಹಿಡಿದರೆ ಭಯಕ್ಕೆ ಎಡೆಯಿರದು.

ಕಡೆಯದಾಗಿ ಹೊಲಕ್ಕೆ ಹಾರ್ಮೋನು ಸಿಂಪಡಿಸುವ ಮಾತು. ಪಾತ್ರೆಯಲ್ಲಿ ದ್ರವದ ಪ್ರಮಾಣವೂ ಕೋಶಗಳ ವಯಸ್ಸೂ ನಿಶ್ಚಿತ. ಇಷ್ಟು ಮಿಲಿಗ್ರಾಂ, ಇಂಥ ದಿನವೆಂದು ಲೆಕ್ಕವಿಟ್ಟು ಹಾಕಬಹುದು. ಹೊಲದಲ್ಲಿ ಗಾಳಿ, ಮಳೆ, ಬಿಸಿಲು, ಗಿಡದಿಂದ ಗಿಡಕ್ಕೆ ವ್ಯತ್ಯಾಸ. ಅದಕ್ಕಿಂತಲೂ ಮುಖ್ಯವಾದ ಸಂಗತಿ ಬೇರೊಂದುಂಟು. ನಮ್ಮ ಪೇಟೆಗಳಲ್ಲಿ ಮೂಲಿಕೆಗೆ ಸಾಮಾನ್ಯವಾಗಿ ಬೆಲೆ ಕಟ್ಟುವುದು ತೂಕದ ಮೇಲೆ, ಬೇರಿನ ದಪ್ಪ ಉದ್ದಗಳ ಮೇಲೆ. ಸತ್ವದ ಶೇಕಡಾವಾರಿನ ಮೇಲೆ ಅಲ್ಲ. ಸತ್ವವನ್ನು ಏರಿಸಿ ತೂಕವನ್ನು ಇಳಿಸುವ ದ್ರವ್ಯಕ್ಕೆ ಹಣ ಕೊಟ್ಟ ರೈತನು, ಖರ್ಚನ್ನು ತಾನು ಹೊತ್ತು ಲಾಭವನ್ನು ಕೊಂಡವನಿಗೆ ಬಿಟ್ಟುಕೊಟ್ಟಂತಾಗುತ್ತದೆ. ಆದಕಾರಣ ಸೀಸೆಯ ಮೇಲೆ ಎಷ್ಟೇ ಆಕರ್ಷಕವಾದ ಮಾತಿದ್ದರೂ, ಆ ಬೆಳೆಗೆ ಶಿಫಾರಸು ಆಗದ ಹಾರ್ಮೋನನ್ನು ಕೊಳ್ಳಬೇಡಿರೆಂದು ನಾನು ಒತ್ತಿ ಹೇಳುತ್ತೇನೆ. ಒಳ್ಳೆಯ ತಳಿಯ ಬೀಜ, ಹದವರಿತ ಕೊಯ್ಲು, ನೆರಳಿನಲ್ಲಿ ಒಣಗಿಸುವ ಎಚ್ಚರ ಇವು ಸತ್ವವನ್ನು ಉಳಿಸುತ್ತವೆ. ಇವಕ್ಕೆ ತಗಲುವ ಖರ್ಚೂ ಸ್ವಲ್ಪ.

ಇಂತಿರುವಲ್ಲಿ ಮಾಡಬೇಕಾದ ಕೆಲಸಗಳು ನನ್ನ ದೃಷ್ಟಿಯಲ್ಲಿ ಮೂರು. ಕಾಡಿನಿಂದ ಕಿತ್ತು ತರುವ, ಬೇರಿಗಾಗಿಯೋ ತೊಗಟೆಗಾಗಿಯೋ ಸಾಯುವ ಸಸ್ಯಗಳ ಪಟ್ಟಿಯನ್ನು ಮಾಡಿ, ಅಂಗಾಂಶ ಕೃಷಿಯ ಸಂಶೋಧನೆಯನ್ನು ಆ ಪಟ್ಟಿಯ ಕ್ರಮದಲ್ಲಿಯೇ ನಡೆಸುವುದು ಮೊದಲನೆಯದು. ತಾಯಿ ಗಿಡಗಳ ತೋಟಗಳನ್ನು ಮಲೆನಾಡಿನ ಬೆಳೆಗಾರರ ಜಮೀನುಗಳಲ್ಲಿ ಬೆಳೆಸಿ, ಪ್ರಯೋಗಶಾಲೆಯವರು ತಾಜಾ ಅಂಗಾಂಶಕ್ಕಾಗಿ ಅವರ ಬಳಿಗೇ ಬಂದು, ತಕ್ಕ ಬೆಲೆ ಕೊಟ್ಟು ಪಡೆಯುವಂತೆ ಏರ್ಪಡಿಸುವುದು ಎರಡನೆಯದು. ನಾಡಿನ ಜೀವಸಂಪತ್ತಿನಿಂದ ಬಂದ ಲಾಭದಲ್ಲಿ ಅದನ್ನು ಕಾಪಾಡಿದವರಿಗೂ ಪಾಲಿರಬೇಕೆಂಬ ತತ್ವವನ್ನು ೨೦೦೨ರ ಜೈವಿಕ ವೈವಿಧ್ಯ ಕಾಯಿದೆಯು ಒಪ್ಪಿಕೊಂಡಿದೆ. ಈ ಏರ್ಪಾಟು ಆ ತತ್ವಕ್ಕೆ ಅನುಗುಣವಾದದ್ದು. ಮೂಲಿಕೆ ಮಾರುವ ಪೇಟೆಗಳಲ್ಲಿ ಸತ್ವವನ್ನು ಪರೀಕ್ಷಿಸಿ ಅದಕ್ಕೆ ತಕ್ಕ ಬೆಲೆ ಕಟ್ಟುವ ಕ್ರಮವನ್ನು ತರುವುದು ಮೂರನೆಯದು. ಈ ಮೂರನೆಯದು ಆಗುವ ತನಕ ಸತ್ವವನ್ನು ಹೆಚ್ಚಿಸಿರೆಂದು ರೈತನಿಗೆ ಉಪದೇಶಿಸುವುದು ನ್ಯಾಯವಲ್ಲ.

ಜಾಸ್ಮೋನೇಟ್ ಎಂಬುದು ಹುಳು ಕಡಿದ ಗಿಡದ ಕೂಗೆಂದು ಮೇಲೆ ಹೇಳಿದೆ. ಆ ಕೂಗನ್ನು ಪಾತ್ರೆಯೊಳಗೆ ಕೃತಕವಾಗಿ ಎಬ್ಬಿಸಿ, ಕಾಡಿನ ಮರಕ್ಕೆ ಕೊಡಲಿಯು ತಾಕದಂತೆ ಮಾಡುವುದು ಸಾಧ್ಯವಾಗಿದೆ. ಇದು ಸಾಮಾನ್ಯವಾದ ಸಾಧನೆಯಲ್ಲ. ಅದನ್ನು ಸಲ್ಲಬೇಕಾದ ಸ್ಥಳದಲ್ಲಿ ಬಳಸುವ ಹೊಣೆ ಪ್ರಯೋಗಶಾಲೆಗೂ ಇಲಾಖೆಗೂ ಸೇರಿದ್ದು; ಸಲ್ಲದ ಸ್ಥಳದಲ್ಲಿ ಹಣ ಸುರಿಯದಿರುವ ವಿವೇಕ ರೈತ ಬಾಂಧವರಿಗೆ ಸೇರಿದ್ದು.